ಉಗುರಿಗೆ ಸಿಗುವ ಗೀರು

ಮೊದಲು ಒಂದೆರಡು ಕಾಯಿ ಉರುಳುತ್ತವೆ, ಆಮೇಲೆ ಹತ್ತಾರು, ಆಮೇಲೆ ಎಣಿಕೆಗೆ ಸಿಗದಷ್ಟು. ಕಡೂರಿನಲ್ಲಿ ಶಿರೀನ್ ತಾಜ್ ಇರುವ ಬಾಡಿಗೆ ಮನೆಯ ಹಿಂದೆಯೇ ಕೊಬ್ಬರಿ ವ್ಯಾಪಾರಿಯೊಬ್ಬರ ಗೋದಾಮು. ವರ್ಷದುದ್ದಕ್ಕೂ ಅಟ್ಟದ ಮೇಲೆ ಒಣಗಿದ ಕಾಯಿಗಳನ್ನು ಕೆಳಗಿಳಿಸುವ ದಿನ ಬೆಳಗಿನ ಏಳಕ್ಕೇ ಈ ಸದ್ದು ಶುರುವಾಗುತ್ತದೆ. ಕೇರಿಗೆ ಹೊಸದಾಗಿ ಬಂದವರು ಗುಡುಗು ಎಂದುಕೊಂಡು ಆಕಾಶ ನೋಡುತ್ತಾರೆ. ಶಿರೀನ್ ತನ್ನ ಅಡುಗೆಮನೆಯ ಕಿಟಕಿ ನೋಡುತ್ತಾಳೆ. ಆ ಸದ್ದಿಗೆ ಗಾಜು ಸಣ್ಣಗೆ ನಡುಗುತ್ತದೆ, ಅದರ ಮೇಲಿನ ಬೆಳಕೂ ನಡುಗುತ್ತದೆ.

ಆ ಭಾನುವಾರ ಫೋನ್ ಬಂದದ್ದು ಈ ಗದ್ದಲದ ನಡುವೆ. ಅವಳು ಒಂದು ಕಿವಿ ಮುಚ್ಚಿಕೊಂಡು ಬೀದಿಗೆ ಬಂದಳು.

“ಏನಮ್ಮಾ, ಬುಧವಾರ ನೀನು ಗಾಜು ತೊಳ್ದಿದ್ದೋ, ಹೊಲ ಉತ್ತಿದ್ದೋ?”

ತರೀಕೆರೆಯ ಸಿದ್ದಲಿಂಗೇಶ್. ಬೀಜ ಗೊಬ್ಬರದ ಅಂಗಡಿಯವರು. ಗುರುವಾರ ಅವರ ಹೊಸ ಮನೆಯ ಗೃಹಪ್ರವೇಶವಾಗಿತ್ತು. ಹಿಂದಿನ ದಿನ ಆ ಮನೆಯ ಇಪ್ಪತ್ತೆಂಟು ಕಿಟಕಿಗಳ ಸಿಮೆಂಟು, ಬಣ್ಣದ ಹನಿ ತೆಗೆದು ಹೊಳಪು ಬರಿಸಿದವಳು ಶಿರೀನ್.

“ಏನಾಯ್ತಣ್ಣಾ?”

“ಏನಾಯ್ತು ಅಂತ ಬಂದು ನೋಡು. ಹಾಲ್‌ನ ದೊಡ್ಡ ಗಾಜು ಪೂರ್ತಿ ಗೀರು. ಬಿಸಿಲು ಬಿದ್ರೆ ಮಖ ಎತ್ತಿ ನೋಡಕ್ಕಾಗಲ್ಲ. ಶಶಿಧರಂಗೆ ಈಗ್ಲೇ ಹೇಳೋನಿದ್ದೆ. ಮೊದ್ಲು ನೀನು ಬಾ.”

“ಬಂದು ನೋಡ್ತೀನಣ್ಣಾ,” ಎಂದಳು.

ಶಶಿಧರ ಎಂದರೆ ಸಿದ್ದಲಿಂಗೇಶ್ ಅವರ ಹೆಂಡತಿ ಕೋಮಲಾಳ ತಮ್ಮ, ಡಾಕ್ಟರು. ಅಜ್ಜಂಪುರದಲ್ಲಿ ಅವರು ಕಟ್ಟಿಸುತ್ತಿರುವ ಮೂರು ಮಹಡಿಯ ಆಸ್ಪತ್ರೆಗೆ ಬಣ್ಣ ಮುಗಿಯುತ್ತಿತ್ತು. ಸಿದ್ದಲಿಂಗೇಶ್ ಹೇಳಿದ ಒಂದು ಮಾತಿನ ಮೇಲೆ ಅಲ್ಲಿನ ಕಿಟಕಿಗಳ ಕೆಲಸ ಶಿರೀನ್‌ಗೆ ಎಂದಾಗಿತ್ತು. ಒಂದು ಸಲ ತೊಳೆದು ಬರುವುದಲ್ಲ, ತಿಂಗಳು ತಿಂಗಳೂ ಹೋಗುವ ಕೆಲಸ. ಸೋಮವಾರ ಬಂದು ಶುರುಮಾಡು ಎಂದಿದ್ದರು. ಗೃಹಪ್ರವೇಶಗಳನ್ನು ನಂಬಿ ಬದುಕುವವಳಿಗೆ ಆಷಾಢ ಬಂದರೆ ಕೆಲಸವಿಲ್ಲ, ಧನುರ್ಮಾಸ ಬಂದರೆ ಇಲ್ಲ. ಬಕೆಟ್ಟು ಒಣಗಿ ಮೂಲೆಯಲ್ಲಿ ಕೂರುತ್ತದೆ. ಆಸ್ಪತ್ರೆಗೆ ಆಷಾಢವಿಲ್ಲ. ಏಳು ವರ್ಷದಲ್ಲಿ ಮೊದಲ ಸಲ ಅವಳು ಮುಂದಿನ ತಿಂಗಳಿನ ಬಗ್ಗೆ ನಿಶ್ಚಿಂತೆಯಿಂದ ಯೋಚಿಸಿದ್ದಳು.

ಅವಳು ಈ ಕೆಲಸಕ್ಕೆ ಬಂದದ್ದು ಗಂಡ ಮುಬಶೀರ್‌ನಿಂದ. ಅವನು ಬೀರೂರು ರಸ್ತೆಯ ಅಂಗಡಿಯೊಂದರಲ್ಲಿ ಅಲ್ಯೂಮಿನಿಯಂ ಕಿಟಕಿ ಕೂಡಿಸುವವನು. ಕಿಟಕಿ ಕೂಡಿಸಿದ ಮೇಲೆ ಗಾಜು ಒರೆಸಲು ಗಂಡಸರು ಬೂಟು ಹಾಕಿಕೊಂಡು ಒಳಮನೆವರೆಗೂ ನುಗ್ಗುತ್ತಾರೆಂದು ಮನೆಯ ಹೆಂಗಸರು ಗೊಣಗುತ್ತಿದ್ದರು. ಒಂದು ದಿನ ಅವನು ಹೆಂಡತಿಯನ್ನು ಕರೆದುಕೊಂಡು ಹೋದ. ಆಮೇಲೆ ಜನ ಅವಳನ್ನೇ ಕೇಳತೊಡಗಿದರು.

ಮೊದಲ ವರ್ಷ ದೇವನೂರಿನಲ್ಲಿ ಶರ್ಮಿಳಾ ಎಂಬ ಟೀಚರ ಮನೆ. ಒಣಗಿದ ಬಣ್ಣದ ಹನಿಗಳನ್ನು ಶಿರೀನ್ ಪಾತ್ರೆ ತಿಕ್ಕುವ ಸ್ಟೀಲ್ ನಾರಿನಿಂದ ಉಜ್ಜಿದ್ದಳು. ಎರಡು ದಿನದ ಮೇಲೆ ಟೀಚರು ಫೋನ್ ಮಾಡಿ ಗೀರು ಬಿದ್ದಿದೆ ಎಂದರು. “ಅದು ಮೊದ್ಲೇ ಇತ್ತು ಮೇಡಂ, ನಾನು ಮುಟ್ಟೋಕೆ ಮುಂಚೆನೇ ಇತ್ತು,” ಎಂದು ಶಿರೀನ್ ದನಿ ಏರಿಸಿದಳು. ಟೀಚರು ವಾದ ಮಾಡಲಿಲ್ಲ. ಆಮೇಲೆ ಬಸ್ಸಿನಲ್ಲಿ ಆ ದಾರಿಯಲ್ಲಿ ಹೋಗುವಾಗಲೆಲ್ಲ ಅವಳು ಆ ಮನೆ ನೋಡುತ್ತಿದ್ದಳು. ಉಳಿದ ಕಿಟಕಿಗಳು ತೆರೆದಿರುತ್ತಿದ್ದವು. ಆ ಒಂದು ಕಿಟಕಿಗೆ ಮಾತ್ರ ಹಗಲಲ್ಲೂ ಪರದೆ.

ಅಲ್ಲಿಂದ ಮುಂದೆ ಅವಳು ಗೀರುಗಳನ್ನು ಓದಲು ಕಲಿತಳು. ಯಾರೂ ಹೇಳಿಕೊಡಲಿಲ್ಲ. ಕಂಬಿ ಕತ್ತರಿಸುವ ಗ್ರೈಂಡರಿನ ಕಿಡಿ ಸಿಡಿದರೆ ಸಾಸಿವೆಯಂಥ ಚುಕ್ಕೆ. ಪೇಂಟರು ಗೋಡೆ ಉಜ್ಜುವ ಉಪ್ಪುಕಾಗದ ಜಾರಿದರೆ ಬಾಚಣಿಗೆಯಲ್ಲಿ ಉಳಿದ ಕೂದಲಿನಂಥ ಗೀರು. ಸಿಮೆಂಟಿನ ಮರಳಿನ ಕಣವೊಂದು ಗಾಜು ಕೆರೆಯುವ ಬ್ಲೇಡಿನ ಅಂಚಿಗೆ ಸಿಕ್ಕಿಕೊಂಡು ಎಳೆದರೆ ಒಂದೇ ಒಂದು ನೇರ ಗೆರೆ, ಅಡಿಕೋಲು ಇಟ್ಟು ಎಳೆದಷ್ಟು ನೇರ. ಈ ಕೊನೆಯದು ಗಾಜು ತೊಳೆಯುವವರ ಗೀರು. ಅವಳಿಗೆ ಅದೊಂದರ ಭಯ.

ಒಂದು ನೋಟ್‌ಬುಕ್ಕನ್ನೂ ಇಟ್ಟುಕೊಂಡಳು. ಕೆಲಸ ಶುರುಮಾಡುವ ಮೊದಲು ಮನೆಯವರ ಜೊತೆ ಎಲ್ಲ ಕಿಟಕಿಗಳನ್ನೂ ನೋಡುತ್ತಾ ಹೋಗಿ, ಒಂದೊಂದಕ್ಕೂ ಒಂದು ಚೌಕ ಬರೆದು, ಆಗಲೇ ಬಿದ್ದಿರುವ ಗೀರುಗಳನ್ನು ಅದರಲ್ಲಿ ಗುರುತು ಹಾಕಿ ಅವರ ಸಹಿ ಪಡೆಯುವುದು. ಸಿದ್ದಲಿಂಗೇಶ್ ಮನೆಯಲ್ಲಿ ಮಾತ್ರ ಅದಾಗಲಿಲ್ಲ. ಬುಧವಾರ ಶಾಮಿಯಾನದವರು, ಹೂವಿನವರು, ಅಡುಗೆಯವರು ಎಲ್ಲ ಒಟ್ಟಿಗೆ ಬಂದಿದ್ದರು. “ಏಯ್, ಪುಸ್ತಕ ಗಿಸ್ತಕ ಆಮೇಲಮ್ಮಾ, ಮೊದ್ಲು ಕೆಲಸ ಮುಗ್ಸು,” ಎಂದಿದ್ದರು ಸಿದ್ದಲಿಂಗೇಶ್. ಅವಳೂ ಆಗಲಿ ಎಂದುಕೊಂಡಿದ್ದಳು.

ಮನೆಯಲ್ಲಿ ಗಂಡಹೆಂಡಿರ ಮಾತು ದಖನಿ ಉರ್ದುವಿನಲ್ಲಿ. ಕೆಲಸದ ವಿಷಯ ಬಂದರೆ ಮಾತ್ರ ಇಬ್ಬರಿಗೂ ಕನ್ನಡ ಬಂದುಬಿಡುತ್ತದೆ. ಭಾನುವಾರ ಫೋನಿನ ವಿಷಯ ಕೇಳಿ, ಅವಳು ಚೀಲ ತುಂಬುವುದನ್ನು ನೋಡುತ್ತ, ಆ ಮನೆಗೆ ಗಾಜು ಕೂಡಿಸಿದ್ದ ಮುಬಶೀರ್ ಹೇಳಿದ: “ಗಾಜು ನಂದು, ಗೀರು ನಿಂದು. ಜೋಡಿ ಸರಿಯಾಗೈತೆ.”

“ನಗ್ಬೇಡ. ಶಶಿಧರ ಡಾಕ್ಟ್ರಿಗೆ ಹೇಳ್ತೀನಿ ಅಂದ್ರು.”

ಅವನು ನಗು ನಿಲ್ಲಿಸಿದ. ಕಪಾಟಿನಿಂದ ತಿಳಿಗೆಂಪು ಪುಡಿಯ ಡಬ್ಬಿಯನ್ನೂ ಗಾಜಿಗೆ ಪಾಲಿಶ್ ಕೊಡುವ ಉಣ್ಣೆಬಟ್ಟೆಯನ್ನೂ ತೆಗೆದು ಅವಳ ಚೀಲಕ್ಕೆ ಹಾಕಿದ.

ತರೀಕೆರೆ ಮುಟ್ಟಿದಾಗ ಹತ್ತು ಗಂಟೆ. ಹೊಸ ಬಡಾವಣೆಯ ಆ ಮನೆಯ ಗೇಟಿಗೆ ಕಟ್ಟಿದ್ದ ಬಾಳೆಕಂಬಗಳು ಬಾಡಿ ಬಾಗಿದ್ದವು. ಹಾಲ್‌ನಲ್ಲಿ ಸಿದ್ದಲಿಂಗೇಶ್ ಕೈಕಟ್ಟಿಕೊಂಡು ನಿಂತಿದ್ದರು. ಅವರ ತಾಯಿ ತೀರ್ಥಮ್ಮ ನೆಲದ ಮೇಲೆ ಕಾಲು ಚಾಚಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಕೋಮಲಾ ನೀರು ತಂದುಕೊಟ್ಟಳು. ಶಿರೀನ್ ಲೋಟ ಹಿಡಿದೇ ಗಾಜಿನ ಹತ್ತಿರ ಹೋದಳು.

ನೆಲದಿಂದ ಎಂಟಡಿ ಎತ್ತರದ ಗಾಜು. ಬಿಸಿಲು ಅದರ ಮೇಲೆ ಓರೆಯಾಗಿ ಬಿದ್ದಿತ್ತು. ಸೊಂಟದ ಎತ್ತರದಿಂದ ತಲೆಯ ಎತ್ತರದವರೆಗೆ ನವಿರಾದ ಗೀರುಗಳು, ಒಂದರ ಮೇಲೊಂದು ಸುತ್ತು, ಜೇಡ ಗಡಿಬಿಡಿಯಲ್ಲಿ ನೇಯ್ದು ಬಿಟ್ಟುಹೋದ ಹಾಗೆ.

ಅವಳು ಉಸಿರು ಬಿಟ್ಟಳು. ಸುತ್ತು ಗೀರು ಬ್ಲೇಡಿನದಲ್ಲ, ಕೈಯದು. ಆದರೆ ಯಾರ ಕೈ?

ಸ್ಪಂಜಿನಿಂದ ಗಾಜಿಗೆ ನೀರು ಹಚ್ಚಿದಳು. ಗೀರುಗಳು ಮಾಯವಾದವು.

“ಹೋಯ್ತಲ್ಲ!” ಎಂದರು ಸಿದ್ದಲಿಂಗೇಶ್.

“ಇಲ್ಲಣ್ಣಾ, ನೀರು ಮುಚ್ಕೊಂಡೈತೆ ಅಷ್ಟೆ. ಒಣಗಿದ್ರೆ ಮತ್ತೆ ಕಾಣ್ತದೆ. ನಿಮ್ ಉಗುರಲ್ಲಿ ಅಡ್ಡ ಎಳ್ದು ನೋಡಿ, ಸಿಕ್ತದಾ?”

ಅವಳು ನೀರು ಹಚ್ಚಿದ ಜಾಗದಲ್ಲಿ ಅವರು ಹೆಬ್ಬೆರಳಿನ ಉಗುರು ಎಳೆದರು. “ಏನೂ ಸಿಗಲ್ಲ.”

“ಹಂಗಾದ್ರೆ ಆಳ ಇಲ್ಲ. ಪಾಲಿಶ್ ಕೊಟ್ರೆ ಹೋಗ್ತದೆ.”

“ಹೋಗೋದು ಆಮೇಲಾಗ್ಲಿ. ಬಂದಿದ್ದು ಹೆಂಗೆ ಹೇಳು.”

“ಬುಧವಾರ ನಾನು ಹೋದ್ಮೇಲೆ ಯಾರಾದ್ರೂ ಒರೆಸಿದ್ರಾ ಅಣ್ಣಾ?”

“ಯಾರು ಒರೆಸ್ತಾರೆ? ಒರೆಸಿದೋಳು ನೀನೇ.”

“ಒರೆಸೋದೇನು ಬಂತು, ನಾನು ಉಜ್ಜೇ ಇದ್ದೀನಿ!” ಎಂದರು ತೀರ್ಥಮ್ಮ, ಹುಣಸೆಹಣ್ಣಿನಿಂದ ತಲೆ ಎತ್ತದೆ. “ಅಯ್ನೋರು ಗುರುವಾರ ಎಲ್ಲಾ ಬಾಗ್ಲಿಗೂ ಈ ಗಾಜಿಗೂ ವಿಭೂತಿ ಎಳ್ದು ಕುಂಕುಮ ಇಟ್ಟಿದ್ರು. ಮೂರನೇ ದಿನ ತೆಗೀಬೇಕಲ್ಲ. ನೆಲ ಒರೆಸೋ ಬಟ್ಟೇಲಿ ತೆಗೀತಾರಾ ಅದ್ನ? ನೆನ್ನೆ ತಲೆಗೆ ಸ್ನಾನ ಮಾಡಿ ನಾನೇ ತೆಗ್ದೆ. ಕುಂಕುಮದ ಕರೆ ಬಿಡ್ಲಿಲ್ಲ. ಒಂದಿಷ್ಟು ಹುಣಸೆಹಣ್ಣು, ರಂಗೋಲಿ ಪುಡಿ ಹಾಕಿ ತಿಕ್ಕಿದೆ. ಈ ಹುಡುಗಿ ಬಿಟ್ಟೋಗಿದ್ದ ಮಬ್ಬೂ ಹೋಯ್ತು.”

ಕೋಮಲಾ ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದು ಅಡುಗೆಮನೆಗೆ ಹೋದಳು.

“ಅವ್ವಾ,” ಎಂದರು ಸಿದ್ದಲಿಂಗೇಶ್, “ರಂಗೋಲಿ ಪುಡಿ ಅಂದ್ರೆ ಕಲ್ಲು ಕಣವ್ವಾ.”

“ಕಲ್ಲಾದ್ರೇನೋ? ಐವತ್ತು ವರ್ಷದಿಂದ ಅದ್ರಲ್ಲೇ ಪೂಜೆ ಚೊಂಬು ಬೆಳಗ್ತಿದ್ದೀನಿ. ಫಳಫಳ ಅಂತದೆ.”

“ಚೊಂಬಿನೊಳಗಿಂದ ಆಚೆ ಯಾರು ನೋಡ್ತಾರವ್ವಾ!”

ಅವರ ಮುಖ ಕೆಂಪಾಗಿತ್ತು. ಬೆಳಿಗ್ಗೆ ಫೋನಿನಲ್ಲಿ ಆಡಿದ ಮಾತು ಈಗ ಅವರಿಗೇ ಹಿಂದಿರುಗಿ ಬಂದ ಹಾಗಿತ್ತು. ಆ ಸಿಟ್ಟೆಲ್ಲ ತಾಯಿಯ ಕಡೆ ತಿರುಗುವುದರೊಳಗೆ ಶಿರೀನ್ ನಡುವೆ ಬಂದಳು.

“ಅಮ್ಮನ್ನ ಬೈಬೇಡಿ ಅಣ್ಣಾ. ಗಾಜಿಗೆ ಏನು ಹಾಕ್ಬಾರ್ದು ಅಂತ ನಾನು ಹೇಳಿ ಹೋಗ್ಬೇಕಿತ್ತು. ಒಂದು ಸ್ಟೂಲ್ ಕೊಡಿ, ಮಧ್ಯಾಹ್ನದೊಳಗೆ ಸರಿ ಮಾಡ್ತೀನಿ.”

ತಿಳಿಗೆಂಪು ಪುಡಿಯನ್ನು ನೀರಲ್ಲಿ ಕಲಸಿ, ಉಣ್ಣೆಬಟ್ಟೆಗೆ ಹಚ್ಚಿ, ಗಾಜಿನ ಮೇಲೆ ಅಂಗೈ ಒತ್ತಿ ತಿರುಗಿಸಿದಳು. ಒಂದು ಅಂಗೈಯಗಲಕ್ಕೆ ಎರಡು ನಿಮಿಷ. ಗಾಜು ಬಿಸಿಯಾಗಬಾರದು, ಒಣಗಲೂಬಾರದು. ತೀರ್ಥಮ್ಮ ಹುಣಸೆಹಣ್ಣು ಬದಿಗಿಟ್ಟು, ಕುರ್ಚಿ ಎಳೆದುಕೊಂಡು ಬಂದು ಕೂತರು.

“ನೀನೂ ಪುಡಿ ಹಾಕೇ ಉಜ್ತಿದ್ದೀಯಲ್ಲೇ! ನಾನು ಉಜ್ಜಿದ್ರೆ ಗೀರು, ನೀನು ಉಜ್ಜಿದ್ರೆ ಪಾಲಿಶ್ಶಾ?”

“ಅಮ್ಮಾ, ನಿಮ್ದು ರವೆ. ಇದು ಮೈದಾಹಿಟ್ಟು.”

ತೀರ್ಥಮ್ಮ ಡಬ್ಬಿಗೆ ಎರಡು ಬೆರಳು ಹಾಕಿ ಪುಡಿಯನ್ನು ಉಜ್ಜಿ ನೋಡಿದರು. “ಹಂಗ್ ಹೇಳು ಮತ್ತೆ,” ಎಂದು ಒಪ್ಪಿಕೊಂಡರು. ಸ್ವಲ್ಪ ಹೊತ್ತಾದ ಮೇಲೆ ಕೋಮಲಾಳಿಗೆ ಕೂಗಿ ಹೇಳಿದರು, “ಲೇ, ಇವಳಿಗೂ ಊಟಕ್ಕಿಡೇ. ನನ್ನ ತಪ್ಪಿಗೆ ಇವಳ ತೋಳು ಬೀಳ್ತೈತೆ.”

ಹನ್ನೆರಡರ ಹೊತ್ತಿಗೆ ಸುತ್ತು ಗೀರುಗಳು ಮುಕ್ಕಾಲು ಪಾಲು ಹೋಗಿದ್ದವು. ಅವಳು ಸ್ಟೂಲಿನ ಮೇಲೆ ಹತ್ತಿ ಗಾಜಿನ ಅಂಚುಗಳನ್ನು ನೋಡಿಕೊಂಡಳು. ಎಡಮೂಲೆಯಲ್ಲಿ, ಮೇಲಿನ ಚೌಕಟ್ಟಿನ ನೆರಳಿನೊಳಗೆ, ಬೆಳಕಿನ ಎಳೆಯೊಂದು ಕಂಡಿತು. ಧೂಳಿರಬೇಕೆಂದು ಒರೆಸಿದಳು. ಹೋಗಲಿಲ್ಲ. ಒಂದು ಗೇಣು ಉದ್ದ. ನೇರ.

ಅವಳು ಉಗುರು ಇಟ್ಟು ಅಡ್ಡ ಎಳೆದಳು. ಉಗುರು ಸಿಕ್ಕಿಕೊಂಡಿತು.

ತೀರ್ಥಮ್ಮನ ಕೈ ಅಷ್ಟು ಎತ್ತರ ಹೋಗುವುದಿಲ್ಲ. ಬುಧವಾರ ಸಂಜೆ ಕೊನೆಗೆ ಉಳಿದದ್ದು ಈ ಮೂಲೆ. ಕೆಳಗೆ ಶಾಮಿಯಾನದವರು ಸ್ಟೂಲು ಕೇಳುತ್ತಿದ್ದರು. ಒಂದು ಹನಿ ಸಿಮೆಂಟು ಬಾಕಿಯಿತ್ತು. ಅವಳು ಮತ್ತೆ ನೀರು ಹಚ್ಚದೆ ಬ್ಲೇಡು ಎಳೆದಿದ್ದಳು. ಒಂದೇ ಸಲ. ಆಗ ಸಣ್ಣದೊಂದು ಸದ್ದು ಬಂದದ್ದು ಈಗ ನೆನಪಾಯಿತು.

ಪಕ್ಕದ ಕೋಣೆಯಲ್ಲಿ ಸಿದ್ದಲಿಂಗೇಶ್ ಫೋನಿನಲ್ಲಿ ಮಾತಾಡುತ್ತಿದ್ದರು. “ಇಲ್ಲ ಶಶಿ, ಬೆಳಗ್ಗೆ ಏನೋ ಆಗೈತೆ ಅಂದ್ನಲ್ಲ, ಅದು ನಮ್ಮವ್ವನ ಕೆಲ್ಸ. ಆ ಹೆಣ್ಮಗಳದ್ದೇನೂ ತಪ್ಪಿಲ್ಲ. ನಾಳೆ ಕಳಿಸ್ತೀನಿ, ಕಣ್ಮುಚ್ಕೊಂಡು ಕೊಡು.”

ಬೆಳಿಗ್ಗೆಯೇ ಹೇಳಿಬಿಟ್ಟಿದ್ದರು, ಹಾಗಾದರೆ. ಈಗ ಅದನ್ನು ತಾವೇ ಹಿಂದೆ ತೆಗೆದುಕೊಳ್ಳುತ್ತಿದ್ದರು. ಕೆಲಸ ಮತ್ತೆ ಅವಳದಾಗುತ್ತಿತ್ತು. ಮೂಲೆ ನೆರಳಿನಲ್ಲಿತ್ತು, ಬಿಸಿಲು ಅಲ್ಲಿಗೆ ಯಾವ ಕಾಲದಲ್ಲೂ ಬೀಳುವ ಹಾಗಿರಲಿಲ್ಲ. ಅವಳು ಗಾಜಿನ ಆಚೆ ನೋಡಿದಳು. ಎದುರಿನ ಖಾಲಿ ಸೈಟಿನಲ್ಲಿ ಒಂದು ಹಸು ಬೇವಿನ ನೆರಳಿಗೆ ಬಂದು ನಿಂತಿತ್ತು. ಗಾಜು ಇದೆಯೆಂದೇ ಗೊತ್ತಾಗದಷ್ಟು ತಿಳಿಯಾಗಿ ಕಾಣುತ್ತಿತ್ತು.

ಸ್ಟೂಲಿನಿಂದ ಇಳಿದು ಕೋಣೆಯ ಬಾಗಿಲಿಗೆ ಹೋದಳು.

“ಅಣ್ಣಾ, ಫೋನ್ ಇಡ್ಬೇಡಿ. ಮೇಲ್ಗಡೆ ಒಂದು ಗೀರೈತೆ. ಅದು ನಂದು.”

ಸಿದ್ದಲಿಂಗೇಶ್ ಫೋನ್ ಕಿವಿಯಲ್ಲಿಟ್ಟುಕೊಂಡೇ ಬಂದು ಸ್ಟೂಲು ಹತ್ತಿದರು. ಹುಡುಕಿದರು. ಅವಳು ಕೈ ಹಿಡಿದು ತೋರಿಸಬೇಕಾಯಿತು. ಉಗುರು ಎಳೆದರು. ಸಿಕ್ಕಿಕೊಂಡಿತು.

“ಎಲ್ಲೇ ಅದು?” ಎಂದು ತೀರ್ಥಮ್ಮ ಕತ್ತೆತ್ತಿದರು. “ಅಷ್ಟೆತ್ತರದಲ್ಲಿ ಯಾರು ನೋಡಕ್ಕೋಗ್ತಾರೆ, ಹಲ್ಲಿನಾ?”

“ಇದು ಉಗುರಿಗೆ ಸಿಗ್ತದಮ್ಮಾ. ಪಾಲಿಶ್‌ಗೆ ಹೋಗಲ್ಲ. ನೀವು ಗಾಜೇ ಬದಲಾಯ್ಸಿ ಅಂದ್ರೆ ನಮ್ ಮನೆಯವರು ಬಂದು ಹಾಕ್ಕೊಡ್ತಾರೆ.”

“ಒಂದು ಗೇಣು ಗೀರಿಗೆ ಎಂಟಡಿ ಗಾಜು ತೆಗೀತಾರಾ? ನಾನು ಮಾಡಿದ್ದಕ್ಕಿಂತ ನಿಂದು ಹೆಚ್ಚೇನಲ್ಲ, ಸುಮ್ನಿರೇ.”

ಫೋನಿನ ಆಚೆಯಿಂದ ಶಶಿಧರ ಎಲ್ಲ ಕೇಳಿಸಿಕೊಂಡಿದ್ದರು. ಸಿದ್ದಲಿಂಗೇಶ್ ಸ್ವಲ್ಪ ಹೊತ್ತು ಹ್ಞೂಂಗುಟ್ಟಿ, ಫೋನ್ ಇಟ್ಟು, ಅವಳ ಮುಖ ನೋಡದೆ ಹೇಳಿದರು. “ನಾಳೆ ಬರಕ್ಕೇಳು, ಮಾತಾಡೋಣ ಅಂದ. ಕೊಡ್ತೀನಿ ಅಂತಾನೂ ಅನ್ಲಿಲ್ಲ, ಇಲ್ಲ ಅಂತಾನೂ ಅನ್ಲಿಲ್ಲ.” ಆಮೇಲೆ ಸೇರಿಸಿದರು, “ನಾನು ಫೋನ್ ಇಟ್ಟ ಮೇಲಾದ್ರೂ ಹೇಳ್ಬಾರ್ದಿತ್ತಾ, ಮಾರಾಯ್ತಿ.”

ಸೋಮವಾರ ಬೀರೂರಿನಲ್ಲಿ ಬಸ್ಸು ಬದಲಾಯಿಸಿ ಶಿರೀನ್ ಅಜ್ಜಂಪುರಕ್ಕೆ ಹೋದಳು. ಬಕೆಟ್ಟು, ವೈಪರು, ಬ್ಲೇಡು ಎಲ್ಲ ಜೊತೆಗಿದ್ದವು. ಕೆಲಸ ಸಿಗದಿದ್ದರೆ ಇದನ್ನೆಲ್ಲ ಹೊತ್ತುಕೊಂಡು ಹಿಂದಿರುಗಬೇಕಲ್ಲ ಎಂದು ಬಸ್ಸಿನಲ್ಲಿ ಅನ್ನಿಸಿತು. ಆದರೂ ತಂದಿದ್ದಳು.

ಡಾಕ್ಟರು ಆಸ್ಪತ್ರೆಯ ಕೆಳಮಹಡಿಯಲ್ಲಿ, ಪ್ಲಾಸ್ಟಿಕ್ ಸುತ್ತಿದ ಕುರ್ಚಿಯ ಮೇಲೆ ಕೂತು ಯಾವುದೋ ಪಟ್ಟಿ ನೋಡುತ್ತಿದ್ದರು. ನಲವತ್ತರ ಸುಮಾರು, ತಗ್ಗಿದ ದನಿ.

“ನಮ್ಮ ಭಾವ ಎರಡು ಸಲ ಫೋನ್ ಮಾಡಿದ್ರು. ಮೊದ್ಲನೇ ಸಲ ನೀವು ಬೇಡ, ಎರಡನೇ ಸಲ ನೀವೇ ಬೇಕು. ಅಷ್ಟರಲ್ಲಿ ನೀವೇ ಬೇಡ ಅನ್ನೋ ಹಂಗೆ ಮಾಡ್ಕೊಂಡ್ರಿ.” ಅವರು ನಕ್ಕರೋ ಇಲ್ಲವೋ ಗೊತ್ತಾಗಲಿಲ್ಲ. “ಶಿವಮೊಗ್ಗದವ್ರು ಒಬ್ರಿದ್ದಾರೆ. ಒಂದೂ ಗೀರು ಬೀಳಲ್ಲ ಅಂತ ಬರ್ದು ಕೊಡ್ತಾರಂತೆ. ನೀವು ಕೊಡ್ತೀರಾ?”

“ಇಲ್ಲ ಸಾರ್.”

“ಯಾಕೆ?”

“ಈಗ್ಲೇ ಬಿದ್ದಿರ್ತವೆ ಸಾರ್. ಒಂದು ಸಲ ನನ್ ಜೊತೆ ಬನ್ನಿ.”

ಅವಳು ನೋಟ್‌ಬುಕ್ ತೆಗೆದಳು. ಮೊದಲ ಕಿಟಕಿಯ ಧೂಳನ್ನು ನೀರು ಸುರಿದು ಇಳಿಸಿ, ವೈಪರಿನಿಂದ ಎಳೆದು, ಮೊಬೈಲಿನ ಬೆಳಕನ್ನು ಓರೆಯಾಗಿ ಹಿಡಿದಳು. ಕಂಬಿ ಕತ್ತರಿಸುವಾಗ ಸಿಡಿದ ಕಿಡಿಯ ಚುಕ್ಕೆಗಳು. ಎರಡನೆಯದರಲ್ಲಿ ಉಪ್ಪುಕಾಗದದ ಗೀರು. ಡಾಕ್ಟರು ತಮ್ಮ ಉಗುರನ್ನು ಎಳೆದು ನೋಡಿದರು. ನಾಲ್ಕನೇ ಕಿಟಕಿಯ ಹೊತ್ತಿಗೆ ಅವಳು ತೋರಿಸುವ ಮೊದಲೇ ಹುಡುಕತೊಡಗಿದರು. ಕೆಳಮಹಡಿಯೊಂದರಲ್ಲೇ ಹನ್ನೊಂದು ಸಿಕ್ಕವು. ಒಂದೊಂದನ್ನೂ ಅವಳು ಚೌಕದೊಳಗೆ ಗುರುತು ಹಾಕಿ, ಉಗುರಿಗೆ ಸಿಕ್ಕಿದ್ದಕ್ಕೆ ಪಕ್ಕದಲ್ಲಿ ಒಂದು ಚುಕ್ಕೆ ಇಟ್ಟಳು.

“ಇದು ನಮ್ಮ ಅಡ್ಮಿಷನ್ ಶೀಟ್ ಇದ್ದಂಗಿದೆ,” ಎಂದರು ಡಾಕ್ಟರು. “ಪೇಷಂಟ್ ಒಳಗೆ ಬರುವಾಗ ಮೈಮೇಲೆ ಏನೇನು ಗಾಯ ಇತ್ತು ಅಂತ ನಾವೂ ಮೊದ್ಲೇ ಬರ್ಕೋತೀವಿ. ಇಲ್ಲಾಂದ್ರೆ ಆಮೇಲೆ ಎಲ್ಲಾ ನಮ್ಮ ತಲೆಗೇ.”

“ಹೌದಾ ಸಾರ್? ನಂಗೊಬ್ಳಿಗೇ ಈ ಕಷ್ಟ ಅನ್ಕೊಂಡಿದ್ದೆ.”

ಈ ಸಲ ಅವರು ನಕ್ಕದ್ದು ಗೊತ್ತಾಯಿತು. ಅವಳ ಕೈಯಿಂದ ಪೆನ್ನು ತೆಗೆದುಕೊಂಡು ಹಾಳೆಯ ಕೆಳಗೆ ಸಹಿ ಹಾಕಿದರು. ಆಮೇಲೆ ತಮ್ಮ ಕೈಯಲ್ಲಿದ್ದ ಪಟ್ಟಿ ಬಿಡಿಸಿ, ಕಿಟಕಿಗಳ ಎದುರಿಗಿದ್ದ ಖಾಲಿ ಜಾಗದಲ್ಲಿ ಅವಳ ಹೆಸರು ಬರೆದರು. ಶಿರೀನ್ ಅದನ್ನು ತಲೆಕೆಳಗಾಗಿಯೇ ಓದಿಕೊಂಡಳು. ಸ್ಪಂಜನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿದಳು.

“ಆದ್ರೂ ಒಂದು ಕೇಳ್ತೀನಿ,” ಎಂದರು ಡಾಕ್ಟರು. “ಇಷ್ಟೆಲ್ಲಾ ಬರ್ಕೊಂಡ ಮೇಲೂ ನಿಮ್ಮ ಕೈಯಿಂದಾನೇ ಒಂದು ಬಿತ್ತು ಅನ್ನಿ. ಆಗ?”

“ಬಿದ್ರೆ ಸಾರ್, ಬಿಸಿಲಿಗೆ ನಿಮ್ ಕಣ್ಣಿಗೆ ಕಾಣೋಕೆ ಮುಂಚೆ ನಾನೇ ಬಂದು ಹೇಳ್ತೀನಿ. ಹೇಳಿದ್ಮೇಲೆ ನೀವು...”

ಮೆಟ್ಟಿಲ ಮೇಲಿನಿಂದ ಕರಕರ ಎಂದು ಸದ್ದು ಬಂತು. ಅವಳು ತಲೆ ಎತ್ತಿದಳು. ಮೆಟ್ಟಿಲ ತಿರುವಿನ ಕಿಟಕಿಯಲ್ಲಿ, ಬೇರೆ ಮನೆಗಳ ಕೆಲಸದಲ್ಲಿ ಅವಳು ಕಂಡಿದ್ದ ಅಂತರಘಟ್ಟೆಯ ಪೇಂಟರ್ ನಾಗೇಶ್ ನಿಂತಿದ್ದ. ಕೈಯಲ್ಲಿ ಪುಟ್ಟಿ ಹಚ್ಚುವ ತಗಡು. ಒಣ ಗಾಜಿನ ಮೇಲಿನ ಬಣ್ಣವನ್ನು ತನ್ನ ಪಾಡಿಗೆ ತಾನು ಕೆರೆಯುತ್ತಿದ್ದ.

“ನೀವು ಏನು ಹೇಳಿದ್ರೂ ಸಾರ್, ನಾನು... ಏಯ್ ನಾಗೇಶಣ್ಣಾ! ಕೈ ತೆಗೀ, ಕೈ ತೆಗೀ ಮೊದ್ಲು! ಆ ಕಿಟಕಿ ಇನ್ನೂ ಬರ್ಕೊಂಡಿಲ್ಲ ಕಣಪ್ಪಾ, ನೀರಾದ್ರೂ ಹಾಕು, ನೀರು ಹಾಕ್ದೇ ತಗಡು ಎಳ್ದ್ರೆ ಅದು...” ಎನ್ನುತ್ತ ಅವಳು ಬಕೆಟ್ಟು ಎತ್ತಿಕೊಂಡು, ತುಳುಕಿದ ನೀರು ಮೆಟ್ಟಿಲ ಮೇಲೆ ಬೀಳುತ್ತಿದ್ದರೂ ನಿಲ್ಲದೆ, ಎರಡೆರಡು ಮೆಟ್ಟಿಲು ದಾಟುತ್ತ ಮೇಲಕ್ಕೆ ಓಡಿದಳು.